ಔಟ್ ಆದವನು ಅಂಗಳ ಬಿಟ್ಟು ಹೋಗುವುದಿಲ್ಲ

ಪ್ರಶ್ನೆ: ಸರ್, ನನಗೆ 36 ವರ್ಷ, ಊರು ಕೋಲಾರ. ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಕಾಲೇಜಿನಲ್ಲಿದ್ದಾಗ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದೆ. ಬೆಳಿಗ್ಗೆ ಐದಕ್ಕೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಓಡಿ ಹತ್ತುತ್ತಿದ್ದೆ. ಈಗ ರಾತ್ರಿ ಮೊಬೈಲಿನಲ್ಲಿ ನೋಡಬಾರದ ವಿಡಿಯೊ ನೋಡುವ ಚಟ ಅಂಟಿಕೊಂಡಿದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಕಣ್ಣೀರು ಹಾಕಿ, ಇನ್ನು ನೋಡಲ್ಲ ಅಂತ ದೇವರಿಗೆ ಮಾತು ಕೊಡುತ್ತೇನೆ. ಸೆಕೆಂಡ್ ಶಿಫ್ಟ್ ವಾರ ಬಂದರೆ ಬುಧವಾರದೊಳಗೆ ಮತ್ತೆ ಬಿದ್ದಿರುತ್ತೇನೆ. ಚರ್ಚಿನಲ್ಲಿ ಕೊಡುವ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ನಾಲ್ಕು ತಿಂಗಳಿಂದ ತೆಗೆದುಕೊಂಡಿಲ್ಲ. ಇದೇನೂ ಗೊತ್ತಿಲ್ಲದ ಪಾಸ್ಟರ್, ಪುರುಷರ ಕೂಟ ನೀನೇ ನಡೆಸು ಅನ್ನುತ್ತಿದ್ದಾರೆ. ಒಪ್ಪಿದರೆ ಕಪಟಿ ಆಗ್ತೀನಿ. ಬೇಡ ಅಂದರೆ ಕಾರಣ ಹೇಳಬೇಕು. ನನ್ನ ಜೊತೆ ಆಡಿದ ಗೆಳೆಯ ಅದೇ ಸಭೆಯಲ್ಲಿದ್ದಾನೆ, ಅವನಿಗೂ ಹೇಳಿಲ್ಲ. ಸಭೆಗೆ ಹೋಗುವುದನ್ನೇ ಬಿಟ್ಟುಬಿಡಲೇ?
– ಹೆಸರು ಬೇಡ, ಕೋಲಾರ

ಉತ್ತರ: ಬಿಡಬೇಡಿ. ಮೊದಲು ಇದೊಂದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. 'ಸೆಕೆಂಡ್ ಶಿಫ್ಟ್ ವಾರ ಬಂದರೆ' ಅನ್ನುವ ಕಡೆ ಪ್ರತಿ ಸಲವೂ ಕಣ್ಣು ನಿಂತಿತು. ನೀವು ಅದನ್ನು ಸುಮ್ನೆ ಬರೆದುಕೊಂಡು ಮುಂದೆ ಹೋಗಿದ್ದೀರಿ.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯ ನಿಮಗೆ ಬಾಯಿಪಾಠವೇ ಇರಬಹುದು. ಆ ಊರಿನ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಎಲೆಗಳ ಕಿರೀಟ, ನಾಲ್ಕು ದಿನಕ್ಕೆ ಬಾಡಿ ಹೋಗುವಂಥದ್ದು. ಅದೆಲ್ಲ ಗೊತ್ತಿದ್ದ ಜನರಿಗೇ ಪೌಲ ಓಟದ ಮಾತು, ಗುದ್ದಾಟದ ಮಾತು ಬರೆದದ್ದು. ನಾನು ಗಾಳಿಗೆ ಗುದ್ದುವವನಲ್ಲ ಅನ್ನುತ್ತಾನೆ. ನಿಮ್ಮ ಭಾನುವಾರದ ಕಣ್ಣೀರು ನಿಜವಾದದ್ದೇ. ಆದರೆ 'ಇನ್ನು ನೋಡಲ್ಲ' ಅನ್ನುವ ಮಾತು ಗಾಳಿಗೆ ಕೊಟ್ಟ ಗುದ್ದು. ಎದುರಾಳಿ ಬರುವುದು ಆ ಹೊತ್ತಿನಲ್ಲಿ ಅಲ್ವಲ್ಲ. ಕಂಪನಿ ಬಸ್ ಇಳಿದು, ಬಾಗಿಲು ಸದ್ದಾಗದಂತೆ ತೆಗೆದು, ಮುಚ್ಚಿಟ್ಟ ಮುದ್ದೆ ತಣ್ಣಗಿನ ಸಾರಿನಲ್ಲಿ ಉಂಡು, ಮೈ ದಣಿದಿದ್ದರೂ ನಿದ್ದೆ ಬಾರದೆ ಕತ್ತಲಲ್ಲಿ ಫೋನ್ ಹಿಡಿದು ಕೂತಿರುತ್ತೀರಲ್ಲ, ಆಗ ಬರುತ್ತಾನೆ. ರೈಡ್‌ನಲ್ಲಿ ಸಿಕ್ಕಿಬಿದ್ದಾಗ ನಿಮ್ಮ ಕೋಚ್ 'ಯಾಕೆ ಸೋತೆ' ಅಂತ ಕೇಳುತ್ತಿದ್ದರೇ? 'ಯಾವ ಮೂಲೆಯವನು ಹಿಡಿದ, ಕಾಲು ಎಲ್ಲಿತ್ತು' ಅಂತ ಕೇಳಿರುತ್ತಾರೆ. ಅದೇ ಪ್ರಶ್ನೆಯನ್ನು ಈಗ ನೀವೇ ಕೇಳಿಕೊಳ್ಳಿ. ಸೆಕೆಂಡ್ ಶಿಫ್ಟ್ ವಾರದಲ್ಲಿ ಫೋನ್ ಮುಂಬಾಗಿಲ ಹತ್ತಿರವೇ ಚಾರ್ಜಿಗೆ ಹಾಕಿ. ಅಲಾರಂಗೆ ಒಂದು ಸಣ್ಣ ಗಡಿಯಾರ ತಂದುಕೊಳ್ಳಿ. ಚಿಕ್ಕ ಕೆಲಸ ಅನ್ನಿಸಬಹುದು, ಆದರೆ ಗುದ್ದು ತಾಗುವುದು ಅಲ್ಲೇ.

ಈಗ ಕಬಡ್ಡಿಯ ಮಾತಿಗೆ ಬರೋಣ, ನನಗಿಂತ ನಿಮಗೇ ಜಾಸ್ತಿ ಗೊತ್ತಿರುವ ಆಟ. ಔಟ್ ಆದವನು ಜರ್ಸಿ ಬಿಚ್ಚಿ ಮನೆಗೆ ಹೋಗುವುದಿಲ್ಲ. ಗೆರೆಯ ಆಚೆ, ಅಂಗಳದ ಪಕ್ಕದಲ್ಲೇ ಕೂರುತ್ತಾನೆ. ಮೊಣಕಾಲು ತರಚಿರುತ್ತದೆ, ಅಂಗೈಯಿಂದ ಮಣ್ಣು ಒರೆಸಿಕೊಳ್ಳುತ್ತಾ ಕಣ್ಣನ್ನು ಮಾತ್ರ ಆಟದ ಮೇಲೇ ಇಟ್ಟಿರುತ್ತಾನೆ. ಅವನು ಎಷ್ಟೇ ಬಲಶಾಲಿಯಾದರೂ ತಾನಾಗಿ ಎದ್ದು ಒಳಗೆ ಹೋಗುವಂತಿಲ್ಲ. ತಂಡದ ಇನ್ನೊಬ್ಬ ಎದುರಿನವನನ್ನು ಔಟ್ ಮಾಡಬೇಕು, ಆಗಲೇ ಇವನು ಮತ್ತೆ ಒಳಗೆ. ನೀವು ಎಷ್ಟು ಸಲ ಹೀಗೆ ಗೆಳೆಯರನ್ನು ಒಳಗೆ ತಂದಿಲ್ಲ! ಆಗ ಅವರೇನು ನಾಚಿಕೊಂಡರೇ? ಈ ಚಟದ ವಿಷಯದಲ್ಲಿ ಮಾತ್ರ ಏಳು ಜನ ಆಡುವ ಆಟವನ್ನು ನೀವು ಒಬ್ಬರೇ ಆಡಲು ಹೊರಟಿದ್ದೀರಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ ಬೈಬಲಿನಲ್ಲಿ ಯಾಕೋಬ ಬರೆದದ್ದು ಸಭೆಯೆಲ್ಲಾ ಕೇಳುವಂತೆ ಕೂಗಲಿ ಅಂತಲ್ಲ. ಒಬ್ಬನಿಗೆ ಹೇಳಿದರೆ ಸಾಕು. ಆ ಗೆಳೆಯನಿಗೆ ಹೇಳಿ. ಬಸ್ ಇಳಿದ ತಕ್ಷಣ ಅವನಿಗೊಂದು ಮೆಸೇಜ್, ಮರುದಿನ ಅವನಿಂದ ಒಂದು ಪ್ರಶ್ನೆ, ಅಷ್ಟೇ.

ಪುರುಷರ ಕೂಟದ ವಿಷಯ. ಈಗ ಬೇಡ. ಬೋನಸ್ ಪಾಯಿಂಟ್ ಬಂದರೆ ಸ್ಕೋರ್ ಏರುತ್ತದೆ, ಆದರೆ ಹೊರಗೆ ಕೂತವನು ಒಳಗೆ ಬರುವುದಿಲ್ಲ, ನಿಮಗೆ ಗೊತ್ತಲ್ಲ. ಕೂಟ ನಡೆಸಿದರೆ ಜನ ಮೆಚ್ಚಬಹುದು, ನೀವು ಕೂತಲ್ಲೇ ಕೂತಿರುತ್ತೀರಿ. ಪಾಸ್ಟರ್ ಹತ್ತಿರ ಒಬ್ಬರೇ ಹೋಗಿ, 'ನನ್ನದೊಂದು ಹೋರಾಟ ಇದೆ, ಆರು ತಿಂಗಳು ಸಮಯ ಕೊಡಿ, ನನಗೋಸ್ಕರ ಪ್ರಾರ್ಥಿಸಿ' ಅನ್ನಿ. ಎಷ್ಟು ಬಿಡಿಸಿ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಪ್ರಭು ಭೋಜನದ ಬಗ್ಗೆಯೂ ಅವರನ್ನೇ ಕೇಳಿ. ಪೌಲ ಅದೇ ಪತ್ರದಲ್ಲಿ, ಮನುಷ್ಯನು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತ ಬರೆದಿದ್ದಾನೆ. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಅಂತ ಬರೆದಿಲ್ಲ.

ಹೆಂಡತಿಗೆ? ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಬಿದ್ದ ರಾತ್ರಿಯ ಸಂಕಟದಲ್ಲಿ ಅವರನ್ನು ಎಬ್ಬಿಸಿ ಹೇಳಬೇಡಿ. ಆಗ ನಿಮ್ಮ ಭಾರ ಇಳಿಯುತ್ತದೆ, ಅವರ ಮೇಲೆ ಕೂರುತ್ತದೆ. ಗೆಳೆಯನ ಜೊತೆ ಕೆಲವು ವಾರ ನಡೆದ ಮೇಲೆ, ಹಗಲು ಹೊತ್ತಿನಲ್ಲಿ ಹೇಳಿ. ಅವರಿಗೆ ಅಳು ಬಂದರೆ, ಕೋಪ ಬಂದರೆ ತಡೆಯಬೇಡಿ.

ಇಷ್ಟೆಲ್ಲ ಮಾಡಿಯೂ ಕೈ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು, ಉಚಿತ. ಸ್ನಾಯು ಹಿಡಿದುಕೊಂಡಾಗ ಫಿಸಿಯೋ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರೂ ಅನ್ನುವುದಿಲ್ಲ, ಇದೂ ಹಾಗೇ.

ಗೆಳೆಯನಿಗೆ ಇವತ್ತೇ ಫೋನ್ ಮಾಡಿ. ರಜೆಯ ದಿನ ಬೆಳಿಗ್ಗೆ ಅಂತರಗಂಗೆ ಮೆಟ್ಟಿಲ ಹತ್ತಿರ ಬಾ ಅನ್ನಿ. ಹತ್ತುತ್ತಾ ಹೇಳುವುದು ಸುಲಭ. ಇಬ್ಬರ ಕಣ್ಣೂ ಮೆಟ್ಟಿಲ ಮೇಲಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ.