400 ಊಟಕ್ಕೆ ಹುಡ್ ಟೈಪ್ ಸಾಕೇ?

ಮಧ್ಯಾಹ್ನ ಮೂರು ಗಂಟೆಯಲ್ಲಿ 400 ಊಟ, ಬೋರ್‌ವೆಲ್ ನೀರು. ಪಾತ್ರೆ ತೊಳೆಯುವ ಮೆಷಿನ್ ಹುಡ್ ಟೈಪೋ (ತಟ್ಟೆ ಜೋಡಿಸಿದ ಟ್ರೇ, ಅಂದರೆ ರ‍್ಯಾಕ್, ಒಳಗಿಟ್ಟು ಮೇಲಿನ ಮುಚ್ಚಳ ಇಳಿಸಿ ತೊಳೆಯುವುದು) ಕನ್ವೇಯರೋ (ರ‍್ಯಾಕ್ ತಾನೇ ಸಾಗುತ್ತಾ ತೊಳೆಯುವುದು) ಅಂತ ಕೇಳಿದ್ದೀರಿ. ಹುಡ್ ಟೈಪ್ ಸಾಕು ಸರ್. ಗುಳಿ ಇರುವ ಸ್ಟೀಲ್ ತಟ್ಟೆ ರ‍್ಯಾಕಿಗೆ 8 ಕೂತರೆ 50 ರ‍್ಯಾಕ್, ಲೋಟ 25ರಂತೆ 16. ತುಂಬಿ ಇಳಿಸುವುದೂ ಸೇರಿ ರ‍್ಯಾಕಿಗೆ 2 ನಿಮಿಷ ಹಿಡಿದರೂ ಎರಡೂಕಾಲು ಗಂಟೆ. ಬ್ರೋಷರ್‌ನ ‘18 ತಟ್ಟೆ’ ಚಪ್ಪಟೆ ಪಿಂಗಾಣಿ ಲೆಕ್ಕ, ನಂಬಬೇಡಿ. ಡೆಮೊಗೆ ನಿಮ್ಮದೇ ತಟ್ಟೆ ಒಯ್ಯಿರಿ, ಸಾಂಬಾರು ಒಣಗಿ ಅಂಟಿದ್ದನ್ನು.

ಮುಖ್ಯವಾಗಿ ನೋಡಬೇಕಾದ್ದು ಕೊನೆಯ ರಿನ್ಸ್, ಅಂದರೆ ಬಿಸಿನೀರಲ್ಲಿ ಜಾಲಿಸುವುದು: ನೀರು 82 ಡಿಗ್ರಿ ಸೆಲ್ಸಿಯಸ್ ಬರಬೇಕು, ಸಾಲಾಗಿ ಹತ್ತು ರ‍್ಯಾಕ್ ಓಡಿಸಿದ ಮೇಲೂ. ಅಷ್ಟು ಬಿಸಿಯಾದರೆ ತಟ್ಟೆ ತಾನೇ ಆರುತ್ತದೆ. ಇಲ್ಲದಿದ್ದರೆ ಹುಡುಗರು ಅದೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ತೊಳೆದದ್ದೆಲ್ಲ ವ್ಯರ್ಥ.

ಗಡಸು ನೀರಿಗೆ, ಆ ಗಡಸುತನ ತೆಗೆಯುವ, ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಬೇಕೇ ಬೇಕು. ಇಲ್ಲವಾದರೆ ಹೀಟರ್ ಮೇಲೆ ಸುಣ್ಣದ ಪದರ ಕಟ್ಟಿ ನೀರು ಕಾಯುವುದು ನಿಧಾನವಾಗುತ್ತದೆ, ರಿನ್ಸ್ ಜೆಟ್‌ನ ತೂತುಗಳು ಮುಚ್ಚುತ್ತವೆ. ಸಾಫ್ಟ್‌ನರ್ ಹಾಕಿಸಿ ಉಪ್ಪು ತುಂಬಲು ಮರೆಯುವವರೇ ಹೆಚ್ಚು!

ಕೈಯಲ್ಲಿ ತೊಳೆಯುವ ಸೋಪ್ ಲಿಕ್ವಿಡ್ ಮೆಷಿನ್‌ಗೆ ಹಾಕಿಸಬೇಡಿ. ನೊರೆ ಪಂಪಿಗೆ ಹೋಗಿ ಒತ್ತಡ ಬಿದ್ದುಹೋಗುತ್ತದೆ. ತ್ರೀ ಫೇಸ್ ಲೈನ್, ಮೇಲೆ ಹಬೆ ಎಳೆಯುವ ಎಕ್ಸಾಸ್ಟ್ ಮೊದಲೇ ಮಾಡಿಸಿಕೊಳ್ಳಿ.