ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಗಾಳಿ ತುಂಬುವುದು ಸುಲಭ, ಬಿಡುವುದು ಕಷ್ಟ

ಕಲಬುರಗಿಯ ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬ ಕೇಳಿರುವುದು ಇಷ್ಟು: ಅಮೆರಿಕದಲ್ಲಿ ಜನ ಕಿಟ್ ತರಿಸಿ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವ ಸಣ್ಣ ವಿಮಾನಗಳಲ್ಲೂ ಕ್ಯಾಬಿನ್ ಒತ್ತಡ (ಎತ್ತರದಲ್ಲೂ ಉಸಿರಾಡಲು ಸಾಲುವಷ್ಟು ಒಳಗೆ ಒತ್ತಿ ಹಿಡಿದ ಗಾಳಿ) ಇರುತ್ತದಂತೆ, ಅದು ಹೇಗೆ? ಬಾಗಿಲು, ಕಿಟಕಿ ಗಟ್ಟಿಯಾಗಿ ಸೀಲ್ ಮಾಡಿ ಒಳಗೊಂದು ಕಂಪ್ರೆಸರ್ ಕೂರಿಸಿದರೆ ಸಾಕಲ್ಲವೇ?

ಸಾಕಾಗಲ್ಲ ತಮ್ಮಾ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಮೈ ರಿಪೇರಿ ಮಾಡುವವನು) ಆಗಿದ್ದವನು, ಈಗ ನಿವೃತ್ತಿಯಾಗಿ ಬೀದರಿನ ಚಿದ್ರಿ ಕಡೆ ಮನೆ ಮಾಡಿಕೊಂಡಿದ್ದೇನೆ. ಹಾಕ್ ತರಬೇತಿ ವಿಮಾನಗಳು ತಲೆ ಮೇಲೆ ಹೋಗುವಾಗ ಚಹಾದ ಕಪ್ಪು ನಡುಗುತ್ತದೆ, ಅಭ್ಯಾಸವಾಗಿದೆ. ಕಿಟ್ ವಿಮಾನವನ್ನು ನಾನು ಕಟ್ಟಿಲ್ಲ. ಆದರೆ ಒತ್ತಡದ ಕಾಕ್‌ಪಿಟ್‌ಗಳ ಸೋರಿಕೆ ಹುಡುಕುತ್ತಲೇ ಮೊಣಕಾಲು ಸವೆಸಿದ್ದೇನೆ. ತತ್ವ ಎರಡಕ್ಕೂ ಒಂದೇ.

ಮೊದಲು ಒಂದು ತಪ್ಪು ಚಿತ್ರ ತಲೆಯಿಂದ ತೆಗೆ. ಕ್ಯಾಬಿನ್ ಅಂದರೆ ಮುಚ್ಚಳ ಬಿಗಿದ ಡಬ್ಬಿ ಅಂದುಕೊಂಡಿದ್ದೀಯ. ಹಾಗೆ ಮುಚ್ಚಿದರೆ ಕೂತವರು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ನಿಜವಾದ ಕ್ಯಾಬಿನ್ ಸೋರುವ ಹೌದಿನ ಹಾಗೆ. ಮೇಲಿನಿಂದ ಮೋಟಾರು ನೀರು ಬಿಡುತ್ತಲೇ ಇರುತ್ತದೆ, ಕೆಳಗಿನ ನಳ ತೆರೆದೇ ಇರುತ್ತದೆ. ಮಟ್ಟ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ನಳವನ್ನು ಎಷ್ಟು ತಿರುವುತ್ತೀಯ ಅನ್ನುವುದು ತೀರ್ಮಾನಿಸುತ್ತದೆ. ವಿಮಾನದಲ್ಲಿ ಆ ನಳದ ಹೆಸರು ಔಟ್‌ಫ್ಲೋ ವಾಲ್ವ್. ಇಡೀ ವ್ಯವಸ್ಥೆಯ ಬುದ್ಧಿ ಇರುವುದು ಅದರಲ್ಲಿ.

ಕಿಟ್ ವಿಮಾನಗಳಲ್ಲಿ ಇದಕ್ಕೆ ಹೆಸರಾದದ್ದು ಲ್ಯಾನ್ಸೇರ್ 4ಪಿ. ಕಾರ್ಬನ್ ಫೈಬರ್ ಮೈ, ನಾಲ್ಕು ಸೀಟು, ಎರಡು ಟರ್ಬೊ (ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಅದಕ್ಕೇ ಗಾಳಿ ಒತ್ತಿ ಕೊಡುವ ಪಂಪು) ಇರುವ ಕಾಂಟಿನೆಂಟಲ್ ಪಿಸ್ಟನ್ ಇಂಜಿನ್. ಒಳಗೂ ಹೊರಗೂ 5 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡು ಅನ್ನುವ ಒತ್ತಡದ ಅಳತೆ) ವ್ಯತ್ಯಾಸ ತಾಳುವ ಹಾಗೆ ಮಾಡಿದ್ದು. ಲೆಕ್ಕ ಹಾಕಿ ನೋಡು. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್ಐ. 24,000 ಅಡಿಯಲ್ಲಿ ಹೊರಗೆ ಉಳಿಯುವುದು ಸುಮಾರು 5.7. ಅದಕ್ಕೆ 5 ಸೇರಿಸಿದರೆ 10.7, ಅಂದರೆ ಸುಮಾರು 8,500 ಅಡಿ ಎತ್ತರದಲ್ಲಿ ಇರುವ ಗಾಳಿ. ವಿಮಾನ 24,000 ಅಡಿಯಲ್ಲಿದ್ದರೂ ಒಳಗೆ ಕೂತವರ ಮೈಗೆ ಊಟಿಗಿಂತ ಒಂದಿಷ್ಟು ಮೇಲಿನ ಗುಡ್ಡದಲ್ಲಿ ಕೂತ ಹಾಗೆ. ಕಲಬುರಗಿಯ ಒತ್ತಡವನ್ನೇ ಮೇಲಕ್ಕೆ ಒಯ್ಯುತ್ತಾರೆ ಅಂದುಕೊಂಡಿದ್ದರೆ ಅದೂ ತಪ್ಪು. ಅಷ್ಟು ಒತ್ತಡ ತಾಳುವ ಮೈ ಕಟ್ಟಿದರೆ ಸಣ್ಣ ವಿಮಾನಕ್ಕೆ ಆ ತೂಕ ಭಾರವಾಗುತ್ತದೆ.

ಈಗ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ನಿನ್ನ ಗ್ಯಾರೇಜ್ ಕಂಪ್ರೆಸರ್ ಹೆಚ್ಚು ಒತ್ತಡದ ಸ್ವಲ್ಪ ಗಾಳಿ ಕೊಡುತ್ತದೆ. ಇಲ್ಲಿ ಬೇಕಾದದ್ದು ಕಡಿಮೆ ಒತ್ತಡದ ಬಹಳ ಗಾಳಿ. ಎತ್ತರದಲ್ಲಿ ಇಂಜಿನ್ನಿಗೂ ಉಸಿರು ಸಾಲದೆ ಅದಕ್ಕೊಂದು ಟರ್ಬೊ ಹಾಕಿರುತ್ತಾರಲ್ಲ, ಅದರ ಕಂಪ್ರೆಸರ್ ಬದಿಯಿಂದಲೇ ಕ್ಯಾಬಿನ್ನಿಗೂ ಒಂದು ಕವಲು ತೆಗೆಯುತ್ತಾರೆ. ಹೊಗೆಯ ಬದಿ ಬೇರೆ, ಗಾಳಿಯ ಬದಿ ಬೇರೆ, ಗಾಬರಿ ಬೇಡ. ಆದರೂ ಟರ್ಬೊದ ಆಯಿಲ್ ಸೀಲ್ ಸವೆದರೆ ಎಣ್ಣೆ ವಾಸನೆ ನೇರ ಮೂಗಿಗೇ ಬರುತ್ತದೆ, ಎಲ್ಲಾದರೂ ಸೈಲೆನ್ಸರ್ ಬದಿ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಭಯ. ಅದಕ್ಕೇ ಆ ಅನಿಲ ಹಿಡಿಯುವ ಡಿಟೆಕ್ಟರ್ ಇಲ್ಲದೆ ಇಂಥ ವಿಮಾನ ಹತ್ತಬಾರದು ಅನ್ನುವವನು ನಾನು.

ಆ ಕವಲಿನಲ್ಲಿ ಒಂದು ಚಂದದ ಭಾಗ ಇದೆ, ಸೋನಿಕ್ ನಾಜಲ್ ಅನ್ನುತ್ತಾರೆ. ನೋಡಿದರೆ ನಡು ಸಣ್ಣಗಾದ ಒಂದು ಕೊಳವೆ, ಅಷ್ಟೇ. ಒಂದೂ ಚಲಿಸುವ ಭಾಗವಿಲ್ಲ. ಮೇಲಿನ ಬದಿಯ ಒತ್ತಡ ಕೆಳಗಿನ ಬದಿಗಿಂತ ಸುಮಾರು ಎರಡು ಪಟ್ಟು ಆದಾಗ ಆ ಸಣ್ಣ ನಡುವಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಆಮೇಲೆ ಕೆಳಗೆ ಒತ್ತಡ ಎಷ್ಟೇ ಇಳಿಯಲಿ, ಅದರಿಂದ ಹಾಯುವ ಗಾಳಿ ಹೆಚ್ಚುವುದಿಲ್ಲ. ಇದರ ಉಪಯೋಗ ಏನು? ಹಾರುವಾಗ ಕ್ಯಾಬಿನ್ನಿನ ಡಕ್ಟ್ ಕಿತ್ತು ಬಂತು ಅಂತಿಟ್ಟುಕೋ. ನಾಜಲ್ ಇಲ್ಲದಿದ್ದರೆ ಟರ್ಬೊದ ಗಾಳಿಯೆಲ್ಲ ಆ ತೂತಿನಿಂದ ಹೋಗಿ ಇಂಜಿನ್ನಿನ ಶಕ್ತಿಯೇ ಕುಸಿಯುತ್ತದೆ. ನಾಜಲ್ ಇದ್ದರೆ ಕ್ಯಾಬಿನ್ನಿಗೆ ಅಂತ ಇಟ್ಟ ಪಾಲು ಮಾತ್ರ ಹೋಗುತ್ತದೆ. ಯಾರ ತಲೆಗೆ ಮೊದಲು ಹೊಳೆಯಿತೋ, ಅವರಿಗೊಂದು ಸಲಾಮು.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ ಮೈನಸ್ 30 ಡಿಗ್ರಿ ಇದ್ದರೂ ಟರ್ಬೊದಿಂದ ಹೊರಬರುವಾಗ 100 ಡಿಗ್ರಿ ಆಸುಪಾಸು ಇರಬಹುದು. ಒಂದು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ತಣಿಸಿ ಒಳಗೆ ಬಿಡುತ್ತಾರೆ. ಮೇಲೆ ಆ ಬಿಸಿಯೇ ಹೀಟರ್ ಆಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ನೆಲದ ಮೇಲೆ ಅದನ್ನೇ ಒಳಗೆ ಬಿಟ್ಟರೆ ಪೈಲಟ್ ಬೆಂದ ಬದನೆಕಾಯಿ. ಅದಕ್ಕೆ ಕೆಳಗಿರುವಾಗ ಆ ಗಾಳಿಯನ್ನು ಹೊರಗೆ ತಿರುಗಿಸುವ ವಾಲ್ವ್ ಇರುತ್ತದೆ. ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ದಾಟುವಲ್ಲಿ ಒಂದು ಚೆಕ್ ವಾಲ್ವ್ ಕೂಡ. ಇಂಜಿನ್ ನಿಂತರೆ ಒಳಗಿನ ಗಾಳಿ ಬಂದ ದಾರಿಯಲ್ಲೇ ವಾಪಸ್ ಓಡದಿರಲಿ ಅಂತ.

ಇನ್ನು ನಳದ ವಿಷಯ. ಔಟ್‌ಫ್ಲೋ ವಾಲ್ವಿನ ಹಿಂದೆ ರಬ್ಬರಿನ ಪರದೆ, ಸ್ಪ್ರಿಂಗು, ಮತ್ತು ಒತ್ತಡ ಇಳಿದರೆ ಉಬ್ಬುವ ಒಂದು ಲೋಹದ ಬೆಲ್ಲೋಸ್ ಇರುತ್ತವೆ. ಪೈಲಟ್ ಕ್ಯಾಬಿನ್ ಎತ್ತರ (ಒಳಗಿನ ಗಾಳಿ ಯಾವ ಎತ್ತರದ ಗಾಳಿಗೆ ಸಮ ಅನ್ನುವ ಲೆಕ್ಕ) ಇಷ್ಟು ಅಂತ ಗುಂಡಿ ತಿರುಗಿಸಿಟ್ಟರೆ ಆ ಎತ್ತರದವರೆಗೆ ವಾಲ್ವ್ ತೆರೆದೇ ಇರುತ್ತದೆ, ದಾಟಿದ ಮೇಲೆ ನಿಧಾನ ಮುಚ್ಚಿಕೊಳ್ಳುತ್ತಾ ಒಳಗಿನ ಒತ್ತಡ ಹಿಡಿದಿಡುತ್ತದೆ. 5 ಪಿಎಸ್ಐ ಮಿತಿ ಮುಟ್ಟಿತೋ, ಮತ್ತೆ ತೆರೆಯತೊಡಗುತ್ತದೆ. ಈ ಕ್ಯಾಬಿನ್ ಎತ್ತರ ನಿಮಿಷಕ್ಕೆ ಸುಮಾರು 500 ಅಡಿಗಿಂತ ಜೋರಾಗಿ ಏರಬಾರದು, ಇಳಿಯುವುದು ಅದಕ್ಕಿಂತ ನಿಧಾನ. ಇಲ್ಲವಾದರೆ ಕಿವಿ ಸುಮ್ಮನಿರುವುದಿಲ್ಲ. ಈ ವಾಲ್ವ್ ಕೈಕೊಟ್ಟರೆ ಅಂತ ಪಕ್ಕದಲ್ಲಿ ಸೇಫ್ಟಿ ವಾಲ್ವ್, ತುಸು ಮೇಲಿನ ಒತ್ತಡಕ್ಕೆ ಹೊಂದಿಸಿದ್ದು. ಬೇಗ ಇಳಿಯುವಾಗ ಹೊರಗಿನ ಒತ್ತಡವೇ ಹೆಚ್ಚಾದರೆ ಒಳಮುಖವಾಗಿ ತೆರೆಯುವ ಏರ್ಪಾಡೂ ಇರಬೇಕು. ಉಬ್ಬುವುದಕ್ಕೆ ಕಟ್ಟಿದ ಮೈ ನಜ್ಜುಗುಜ್ಜಾಗುವುದನ್ನು ತಾಳುವುದಿಲ್ಲ.

ನೆಲಕ್ಕೆ ಇಳಿದ ಮೇಲೆ ಒತ್ತಡ ಪೂರ್ತಿ ಬಿಟ್ಟಿರಲೇಬೇಕು. 24 ಇಂಚು ಅಗಲ, 36 ಇಂಚು ಎತ್ತರದ ಬಾಗಿಲಿನ ಮೇಲೆ ಅರ್ಧ ಪಿಎಸ್ಐ ಉಳಿದಿದ್ದರೂ ಸುಮಾರು 200 ಕೆಜಿ ಒತ್ತು. ಹೊರಗೆ ತೆರೆಯುವ ಬಾಗಿಲಾದರೆ ಹಿಡಿಕೆ ತಿರುಗಿಸಿದವನನ್ನೇ ಒದ್ದುಕೊಂಡು ಬರುತ್ತದೆ. ಮೇಲೆ 5 ಪಿಎಸ್ಐ ಇದ್ದಾಗ ಅದೇ ಬಾಗಿಲಿನ ಮೇಲೆ ಸುಮಾರು ಎರಡು ಟನ್.

ಹಾಗಾದರೆ ಮೈ ಎಷ್ಟು ದಪ್ಪ ಬೇಕು? ಇಲ್ಲೇ ಎಲ್ಲರೂ ಎಡವುವುದು. 60 ಸೆಂ.ಮೀ. ತ್ರಿಜ್ಯದ ದುಂಡನೆಯ ಮೈಗೆ 1 ಮಿ.ಮೀ. ಅಲ್ಯೂಮಿನಿಯಂ ಹಾಕಿದರೆ 5 ಪಿಎಸ್ಐಗೆ ಬರುವ ಎಳೆತ ಬರೀ 20 ಮೆಗಾಪ್ಯಾಸ್ಕಲ್. ವಿಮಾನದ ಅಲ್ಯೂಮಿನಿಯಂ ಅದರ ಹತ್ತು ಪಟ್ಟಿಗೂ ಬಾಗುವುದಿಲ್ಲ. ತೊಂದರೆ ಇರುವುದು ದುಂಡಗಿಲ್ಲದ ಕಡೆ. ಮನೆಯಲ್ಲಿ ಅವ್ವ ಹಂಚಿನ ಮೇಲೆ ಜೋಳದ ರೊಟ್ಟಿ ಹಾಕಿದಾಗ ನೋಡು: ಒಳಗೆ ಹಬೆ ತುಂಬಿದಂತೆ ಚಪ್ಪಟೆ ಇದ್ದದ್ದು ದುಂಡಗಾಗಲು ಹೋಗುತ್ತದೆ, ಎಲ್ಲಿ ಎಳೆ ತೆಳುವೋ ಅಲ್ಲಿ ಪಿಸ್ ಅಂತ ಹಬೆ ಬಿಡುತ್ತದೆ. ಚಪ್ಪಟೆಯ ಫೈರ್‌ವಾಲ್, ಬಾಗಿಲ ಚೌಕಟ್ಟು, ಕಿಟಕಿಯ ಮೂಲೆ, ಇವೆಲ್ಲ ಆ ರೊಟ್ಟಿಯೇ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಪ್ರಯಾಣಿಕ ಜೆಟ್‌ಗಳು ಆಕಾಶದಲ್ಲೇ ಒಡೆದವು. ಇನ್ನೊಂದು ಕಾಮೆಟ್ಟನ್ನು ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಇಳಿಸಿದಾಗ ತೆರಪಿನ ಮೂಲೆಯಿಂದಲೇ ಬಿರುಕು ಹೊರಟದ್ದು ಕಂಡಿತು. ನೀರಿನಲ್ಲೇ ಯಾಕೆ? ಒತ್ತಿದ ಗಾಳಿ ಬಾಂಬಿನ ಹಾಗೆ ಸಿಡಿಯುತ್ತದೆ, ನೀರು ಒಂದಿಷ್ಟು ಸೋರಿ ಸುಮ್ಮನಾಗುತ್ತದೆ.

ಸೋರಿಕೆಯ ಒಂದು ದಿನ ಹೇಳಿಬಿಡುತ್ತೇನೆ. ಬೀದರಿನಲ್ಲಿ ಕಿರಣ್ ತರಬೇತಿ ವಿಮಾನ ಹಾರುತ್ತಿದ್ದ ಕಾಲ. ಕೆನೊಪಿಯ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ) ರಬ್ಬರ್ ಸೀಲಿಗೆ ಗಾಳಿ ತುಂಬಿ, ಕಾಕ್‌ಪಿಟ್‌ಗೆ ಹೊರಗಿನ ರಿಗ್ಗಿನಿಂದ ಒತ್ತಡ ಕೊಟ್ಟು ಬಿಟ್ಟಿದ್ದೆವು. ಗೇಜಿನ ಮುಳ್ಳು ನಿಲ್ಲಲೊಲ್ಲದು. ನಾನು ಸೋಪಿನ ನೀರು, ಬ್ರಷ್ಷು ಹಿಡಿದು ಕೆನೊಪಿ ಸುತ್ತ ಮೂರು ಸುತ್ತು ಬಂದೆ, ಒಂದು ಗುಳ್ಳೆ ಇಲ್ಲ. ಹಿರಿಯ ಸಾರ್ಜೆಂಟರು ಬಂದು, “ದೊಡ್ಡ ಬಾಗಿಲ ಯಾಕ ಕಾಯ್ತಿ, ಕಿಂಡಿ ನೋಡಲೆ” ಅಂದು ಕೆಳಗೆ ವೈರುಗಳ ಕಟ್ಟು ಹಾಯುವ ಜಾಗಕ್ಕೆ ಒದ್ದೆ ಬೆರಳು ಹಿಡಿದರು. ವೈರು ತೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ಟಿನ ಒಳಗೆ ವೈರಿನ ನಡುವಿನ ಸಂದಿಯಿಂದ ಗಾಳಿ ಬರುತ್ತಿತ್ತು. ಸೋಪು ಹಚ್ಚಿದಾಗ ಸಾಸಿವೆಯಷ್ಟು ಗುಳ್ಳೆಗಳು ಒಂದರ ಮೇಲೊಂದು ಏರಿ ಕೂತವು. ಕಿಟ್ ಕಟ್ಟುವವನಿಗೂ ಇದೇ ಪಾಡು. ಕಂಟ್ರೋಲ್ ಕೇಬಲ್ಲು, ವೈರು, ರಿವೆಟ್ಟು ಹೋದಲ್ಲೆಲ್ಲ ಒಂದು ಕಿಂಡಿ. ಇಂಜಿನ್ ನಿಂತಾಗ ಒಳಗಿನ ಗಾಳಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಆ ಕಿಂಡಿಗಳ ಮೇಲೆ ನಿಂತಿದೆ. 25,000 ಅಡಿಯಲ್ಲಿ ಆಮ್ಲಜನಕ ಇಲ್ಲದೆ ಮನುಷ್ಯ ಬುದ್ಧಿ ಸ್ಥಿಮಿತದಲ್ಲಿ ಇರುವುದು 3ರಿಂದ 5 ನಿಮಿಷ. ಆದ್ದರಿಂದ ಒತ್ತಡದ ಕ್ಯಾಬಿನ್ ಇದ್ದರೂ ಸಿಲಿಂಡರು, ಮಾಸ್ಕು ಕೈಗೆಟಕುವಲ್ಲೇ ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಕಿಟ್ ಕಟ್ಟುವವರಲ್ಲಿ ಹೆಚ್ಚಿನವರಿಗೆ ಇದು ಬೇಡದ ಉಸಾಬರಿ. 18,000 ಅಡಿಯ ಕೆಳಗೆ ಹಾರುವವನಿಗೆ ಮೂಗಿಗೆ ಸಿಕ್ಕಿಸುವ ಆಮ್ಲಜನಕದ ನಳಿಕೆಯೇ ಸಾಕು. ತೂಕ ಕಡಿಮೆ, ಕೆಡುವುದೂ ಕಡಿಮೆ.

ಆದರೆ ನೀನು ವಿದ್ಯಾರ್ಥಿ, ತಿಳಿಯುವ ಹಟ ಇರಲಿ. 200 ಲೀಟರಿನ ಹಳೆ ಬ್ಯಾರಲ್ ಒಂದು ತಾ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿ ಅದಕ್ಕೆ ಜೋಡಿಸು. ಪಾರದರ್ಶಕ ಪೈಪು ಯು ಆಕಾರದಲ್ಲಿ ಬಗ್ಗಿಸಿ ನೀರು ತುಂಬಿದರೆ ಅದೇ ಗೇಜು. ಮೇಲೆ 4 ಸೆಂ.ಮೀ. ವ್ಯಾಸದ ತೂತು ಕೊರೆದು 125 ಗ್ರಾಂ ತಟ್ಟೆ ಇಡು. ಎರಡು ಬದಿಯ ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಬಂದಾಗ ತಟ್ಟೆ ಏಳುತ್ತದೆ, ನಿನ್ನ ಔಟ್‌ಫ್ಲೋ ವಾಲ್ವ್ ಅದು. ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ತೂತು, ಅದಕ್ಕೆ 150 ಗ್ರಾಂ ತಟ್ಟೆ. ಇದನ್ನು ಬಿಡಬೇಡ, ಮೊದಲ ತಟ್ಟೆ ಸಿಕ್ಕಿಕೊಂಡರೆ ಬ್ಯಾರಲಿನ ಮುಚ್ಚಳ ನಿನ್ನ ಮುಖಕ್ಕೆ ಬರದಂತೆ ಕಾಯುವುದು ಇದೇ. ಆಮೇಲೆ ಬ್ಯಾರಲಿಗೆ ಮೊಳೆಯಿಂದ ಒಂದು ತೂತು ಮಾಡು, ಇನ್ನೊಂದು ಮಾಡು. ಗಾಳಿ ಸಾಕಷ್ಟು ಬರುತ್ತಿರುವವರೆಗೆ ನೀರಿನ ಮಟ್ಟ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಕೊನೆಗೆ ಬ್ಲೋವರಿನ ಬಾಯಿ ಮುಚ್ಚಿ ಸ್ವಿಚ್ ಆರಿಸಿ, ಮಟ್ಟ ಸೊನ್ನೆಗೆ ಬರಲು ಎಷ್ಟು ಸೆಕೆಂಡು ಹಿಡಿಯಿತು ಅಂತ ಎಣಿಸು. ಆ ಸಂಖ್ಯೆಯನ್ನು ಈ ಉತ್ತರದ ಕೆಳಗೆ ಬರೆ, ಸೋರಿಕೆ ಎಲ್ಲಿದೆ ಅಂತ ಇಲ್ಲಿಂದಲೇ ಹುಡುಕೋಣ.