ಹೆಣವಾಗಿ ಮಲಗಿ ನಗಿಸಿದ ನಟ

ಐರಿಷ್ ಪಾತ್ರವೆಂದರೆ ಕುಡುಕ, ಜಗಳಗಂಟ ಎಂದು ಲೇವಡಿ ಮಾಡುತ್ತಿದ್ದ 19ನೇ ಶತಮಾನದ ರಂಗಭೂಮಿಯಲ್ಲಿ ಡಯಾನ್ ಬೂಸಿಕೊ ಅಂಥದೇ ಪಾತ್ರ ಬರೆದು, ತಾವೇ ಆಡಿ ಏನು ಸಾಧಿಸಿದರು ಎಂದು ಕೇಳಿದ್ದೀರಿ. ಅವರು ಪಾತ್ರದ ಕುಡಿತವನ್ನು ಬಿಡಿಸಲಿಲ್ಲ, ಹಾಸ್ಯವನ್ನೂ ಕಡಿಮೆ ಮಾಡಲಿಲ್ಲ. ಯಾರು ಯಾರನ್ನು ನೋಡಿ ನಗಬೇಕು ಎಂಬುದನ್ನು ಬದಲಿಸಿದರು. ಅವರ ನಾಟಕಗಳನ್ನು ಓದಿದಷ್ಟೂ ನನಗೆ ಇದು ಗಟ್ಟಿಯಾಗುತ್ತಿದೆ.

ಬೂಸಿಕೊ ಡಬ್ಲಿನ್‌ನಲ್ಲಿ ಹುಟ್ಟಿದವರು. 1860ರ ‘ದಿ ಕಾಲೀನ್ ಬಾನ್’ ನಾಟಕದಲ್ಲಿ ಮೈಲ್ಸ್ ಆಗಿ ನೀರಿಗೆ ಧುಮುಕಿ ನಾಯಕಿಯನ್ನು ಉಳಿಸುವ ದೃಶ್ಯದಿಂದ ನ್ಯೂಯಾರ್ಕ್, ಲಂಡನ್ ಎರಡನ್ನೂ ಗೆದ್ದರು. ಆದರೆ ಅವರ ನಟನೆಯ ನಿಜವಾದ ಪರೀಕ್ಷೆ 1874ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಾಲಕ್ಸ್ ಥಿಯೇಟರಿನಲ್ಲಿ ಮೊದಲು ಪ್ರದರ್ಶನವಾದ ‘ದಿ ಷಾಕ್ರಾನ್’. ಅದರ ಕಾನ್ ಒಬ್ಬ ಅಲೆಮಾರಿ. ಅವನಿಗೊಂದು ಪಿಟೀಲು, ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಟ್ಯಾಟರ್ಸ್ ಎಂಬ ನಾಯಿ. ಪಾತ್ರಕ್ಕೆ ಹುಡುಗಾಟದ ವಯಸ್ಸು. ಬೂಸಿಕೊ ಆಗಲೇ ಐವತ್ತು ದಾಟಿದ್ದರು.

ಕಥೆ ಐರ್ಲೆಂಡಿನ ಸ್ಲೈಗೊ ಸೀಮೆಯದು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಫೀನಿಯನ್ನರ ಪೈಕಿಯವನೆಂದು ಆಸ್ಟ್ರೇಲಿಯಾಕ್ಕೆ ಗಡೀಪಾರಾದ ರಾಬರ್ಟ್ ತಪ್ಪಿಸಿಕೊಂಡು ಊರಿಗೆ ಬಂದಿದ್ದಾನೆ. ಅವನನ್ನು ಮುಗಿಸಲು ಹೊಂಚು ಹಾಕಿದವರ ಗುಂಡಿಗೆ ಕಾನ್ ತಾನೇ ಸಿಕ್ಕಿ ಬೀಳುತ್ತಾನೆ. ಸತ್ತನೆಂದುಕೊಂಡು ಊರವರು ಅವನ ಹೆಣದ ಸುತ್ತ ಜಾಗರಣೆಗೆ ಕೂರುತ್ತಾರೆ. ಮುದುಕಿಯರು ಹಾಡಿ ಹಾಡಿ ಅಳುತ್ತಾರೆ, ಬದುಕಿದ್ದಾಗ ಸಿಗದ ಹೊಗಳಿಕೆಯೆಲ್ಲ ಈಗ ಸುರಿಯುತ್ತದೆ, ಮದ್ಯ ಕೈಯಿಂದ ಕೈಗೆ ಸಾಗುತ್ತದೆ. ಕಾನ್ ಮಾತ್ರ ಬದುಕೇ ಇದ್ದಾನೆ! ತನ್ನ ಗುಣಗಾನ ಕೇಳಿಕೊಂಡು, ಪಕ್ಕದಲ್ಲಿದ್ದವಳ ಪಾತ್ರೆಯನ್ನು ಕದ್ದು ಖಾಲಿ ಮಾಡುತ್ತಾನೆ.

ನಟನಿಗೆ ಇದಕ್ಕಿಂತ ಕಷ್ಟದ ದೃಶ್ಯ ಬೇಕೆ? ಮಾತಿಲ್ಲ, ನಡಿಗೆಯಿಲ್ಲ, ಕಣ್ಣೂ ಮುಚ್ಚಿರಬೇಕು. ಕೈ ಒಂದು ಕ್ಷಣ ಮೊದಲು ಚಾಚಿದರೂ ನಗು ಕೆಡುತ್ತದೆ, ಒಂದು ಕ್ಷಣ ತಡವಾದರೂ ಕೆಡುತ್ತದೆ. ಐರಿಷ್ ಹಳ್ಳಿಗರ ಸಾವಿನ ಮನೆಯ ಕುಡಿತ ನೋಡಿ ನಗಲು ಬಂದ ಪ್ರೇಕ್ಷಕರು ಅಲ್ಲಿ ಹೆಣದ ಪಕ್ಷ ಸೇರಿಬಿಡುತ್ತಾರೆ. ಗುಟ್ಟು ಗೊತ್ತಿರುವುದು ಅವನಿಗೆ, ನಮಗೆ. ಬೂಸಿಕೊ ಪ್ರತಿಭೆ ನನಗೆ ಕಾಣುವುದು ಇಲ್ಲಿ.

ಈ ತಿರುವಿಗೆ ಮೊದಲ ದೃಶ್ಯದಲ್ಲೇ ಪೀಠಿಕೆಯಿದೆ: ಬೆಣ್ಣೆ ಕಡೆಯುತ್ತಿದ್ದ ರಾಬರ್ಟನ ತಂಗಿ ಕ್ಲೇರಳನ್ನು ಇಂಗ್ಲಿಷ್ ಸೇನಾಧಿಕಾರಿ ಕೆಲಸದವಳೆಂದುಕೊಳ್ಳುತ್ತಾನೆ, ಊರಿನ ಹೆಸರನ್ನೂ ತಪ್ಪಾಗಿ ಉಚ್ಚರಿಸುತ್ತಾನೆ. ಅವಳು ತಿದ್ದುತ್ತಾಳೆ. ಇಲ್ಲಿ ನಗೆಪಾಟಲಾಗುವವನು ಇಂಗ್ಲಿಷಿನವನು. ಆದರೂ ಬೂಸಿಕೊ ಅವನನ್ನು ಸಭ್ಯನಾಗಿಯೇ ಉಳಿಸಿ, ಕೊನೆಗೆ ಅವಳ ಮನಸ್ಸನ್ನೂ ಗೆಲ್ಲಲು ಬಿಟ್ಟಿದ್ದಾರೆ.

ಇದೆಲ್ಲ ಬರೀ ರಂಜನೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. 1875ರಲ್ಲಿ ನಾಟಕ ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿಗೆ ಬಂತು. ಮರುವರ್ಷ ಬೂಸಿಕೊ ಫೀನಿಯನ್ ಕೈದಿಗಳನ್ನು ಬಿಡುಗಡೆ ಮಾಡಬೇಕೆಂದು ಪ್ರಧಾನಿ ಡಿಸ್ರೇಲಿಗೆ ಬಹಿರಂಗ ಪತ್ರ ಬರೆದರು. ಅದೇ 1876ರಲ್ಲಿ ಆರು ಫೀನಿಯನ್ನರು ಪಶ್ಚಿಮ ಆಸ್ಟ್ರೇಲಿಯಾದಿಂದ ‘ಕಟಾಲ್ಪಾ’ ಎಂಬ ಅಮೆರಿಕನ್ ಹಡಗಿನಲ್ಲಿ ನಿಜವಾಗಿಯೂ ಪಾರಾದರು.

ನಾಟಕ ಓದಲು ಸಿಕ್ಕರೆ ಕೊನೆಯ ಪುಟವನ್ನು ತಪ್ಪದೆ ಗಮನಿಸಿ. ಕಾನ್ ತನ್ನ ಪ್ರೇಯಸಿ ಮೋಯಾಳನ್ನು ಮದುವೆಯಾಗಬೇಕು. ಇಂಥವನಿಗೆ ಜಾಮೀನು ನಿಲ್ಲುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆಗ ಅವನು ಪ್ರೇಕ್ಷಕರತ್ತ ತಿರುಗಿ, ನೀವೇ ನಿಲ್ಲಿ ಎನ್ನುತ್ತಾನೆ. ಡ್ರೂರಿ ಲೇನ್‌ನಲ್ಲಿ ಆ ಕೋರಿಕೆ ಹೋದದ್ದು ಲಂಡನ್ನಿನ ಜನರಿಗೆ, ಒಬ್ಬ ಫೀನಿಯನ್‌ನನ್ನು ಕಾಪಾಡಿದವನ ಪರವಾಗಿ.